ಸಿದ್ದಾಪುರದ ಅಂಗಡಿಗೆ ನಾಲ್ಕು ಸ್ಟಾರ್

ಹುಬ್ಬಳ್ಳಿಯ ನಮ್ಮ ಮುಖ್ಯ ಕಚೇರಿಯ ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ ಇದೆ. ಕಂಪನಿಯ ಸೂಪರ್ ಮಾರ್ಕೆಟ್ ಇರುವಲ್ಲೆಲ್ಲ ಕೆಂಪು ಪಿನ್ನು ಚುಚ್ಚಿದ್ದಾರೆ. ಬಯಲುಸೀಮೆಯ ಕಡೆ ಪಿನ್ನುಗಳು ಒತ್ತೊತ್ತಾಗಿವೆ. ನಮ್ಮ ಕಡೆ ಬಂದರೆ ಮೂರೇ ಮೂರು: ಶಿರಸಿ, ಸಿದ್ದಾಪುರ, ಯಲ್ಲಾಪುರ. ಆ ಮೂರರ ಉಸ್ತುವಾರಿ ನನ್ನದು. ನಕ್ಷೆಯಲ್ಲಿ ಅದು ಅಂಗೈಯಷ್ಟು ಜಾಗ. ಬೆಳಿಗ್ಗೆ ಸಿದ್ದಾಪುರ ಮುಗಿಸಿ ಮಧ್ಯಾಹ್ನ ಯಲ್ಲಾಪುರ ನೋಡಿ ಬನ್ನಿ ಎಂದು ಫೋನಿನಲ್ಲಿ ಹೇಳುತ್ತಾರೆ. ಸಿದ್ದಾಪುರ ಶಿರಸಿಯ ಒಂದು ಮಗ್ಗುಲಿಗೆ, ಯಲ್ಲಾಪುರ ಇನ್ನೊಂದು ಮಗ್ಗುಲಿಗೆ, ನಡುವೆ ಇರುವುದು ಬರೀ ತಿರುವು ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಈಗ ಆಯ್ತು ಸರ್ ಎಂದು ಫೋನಿಟ್ಟು ಸಿಕ್ಕ ಬಸ್ಸು ಹತ್ತುತ್ತೇನೆ.

ಶಿರಸಿಯ ಅಂಗಡಿಯಲ್ಲಿ ಬಿಲ್ ಹಾಕುವವಳಾಗಿ ಸೇರಿದವಳು ನಾನು. ಆಗ ಕೂತು ಕೂತು ಬೆನ್ನು ನೋಯುತ್ತಿತ್ತು. ಬಡ್ತಿ ಸಿಕ್ಕ ಮೇಲೆ ಬಸ್ಸು ಹತ್ತಿ ಇಳಿದು ಮಂಡಿ ನೋಯುತ್ತದೆ. ಅದನ್ನಾದರೂ ತಡೆದುಕೊಳ್ಳಬಹುದು. ತಡೆಯಲಾಗದ್ದು ಸೋಮವಾರ. ಪ್ರತಿ ಸೋಮವಾರ ಮೂರೂ ಅಂಗಡಿಗಳಿಗೆ ಮೊಬೈಲಿನಲ್ಲಿ ಗಿರಾಕಿಗಳು ಎಷ್ಟೆಷ್ಟು ಸ್ಟಾರ್ ಕೊಟ್ಟಿದ್ದಾರೆ ಎಂಬುದರ ಫೋಟೊ ತೆಗೆದು ಹುಬ್ಬಳ್ಳಿಗೆ ಕಳಿಸಬೇಕು. ಈ ವಯಸ್ಸಿನಲ್ಲಿ ಪ್ರತಿ ವಾರ ರಿಸಲ್ಟು ನೋಡುವ ಸಂಕಟ ಯಾರಿಗೂ ಬೇಡ.

ಯಲ್ಲಾಪುರ ಯಾವಾಗಲೂ ಮೇಲೆ. ಅಲ್ಲಿನ ಅಂಗಡಿ ಹೆದ್ದಾರಿಗೆ ಮುಖ ಮಾಡಿದೆ. ಜಲಪಾತ ನೋಡಲು ಹೊರಟ ಕಾರಿನವರು ನಿಲ್ಲಿಸಿ, ಒಂದು ನೀರಿನ ಬಾಟಲಿ ಕೊಂಡು, ಶೌಚಾಲಯ ಸ್ವಚ್ಛವಿದೆ ಎಂದು ಐದು ಸ್ಟಾರ್ ಒತ್ತಿ ಹೋಗುತ್ತಾರೆ. ಮತ್ತೆ ಜನ್ಮದಲ್ಲಿ ಆ ಕಡೆ ಬರುವವರಲ್ಲ. ಶಿರಸಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ಸಿಟ್ಟಾದವರು ಒಂದು ಕೊಟ್ಟರೂ ಪೇಟೆ ದೊಡ್ಡದು, ಹೇಗೋ ಸರಿಹೋಗುತ್ತದೆ. ಸಿದ್ದಾಪುರದ್ದು ಮಾತ್ರ ಮೂರರ ಹತ್ತಿರವೇ ಸುಳಿದಾಡುತ್ತಿತ್ತು. ಅಲ್ಲಿ ಬರುವವರೆಲ್ಲ ಸುತ್ತಲಿನ ಊರಿನವರು, ವಾರ ವಾರ ಅದೇ ಮುಖಗಳು. ಅವರ ಅಭಿಪ್ರಾಯ ಓದಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. 'ಬೇಳೆ ಸ್ವಚ್ಛ ಇರ್ತದೆ. ಅಡ್ಡಿಲ್ಲ.' ಮೂರು ಸ್ಟಾರ್. 'ಹತ್ತು ವರ್ಷದಿಂದ ಇಲ್ಲೇ ತಗೊಳ್ತೇವೆ, ಬೇರೆ ಕಡೆ ಹೋಗೂದಿಲ್ಲ.' ಮೂರು ಸ್ಟಾರ್.

ಆ ಅಂಗಡಿ ನಡೆಸುತ್ತಿದ್ದವಳು ಅಲ್ಲೇ ಹತ್ತಿರದ ಹಳ್ಳಿ ಕೋಲಸಿರ್ಸಿಯ ಹೆಣ್ಣುಮಗಳು. ನನಗಿಂತ ಬಹಳ ಚಿಕ್ಕವಳು, ಅಕ್ಕ ಎಂದು ಕರೆಯುತ್ತಿದ್ದಳು. ಬೆಳಿಗ್ಗೆ ಗದ್ದೆಯ ಕೆಲಸಕ್ಕೆ ಕೈಹಚ್ಚಿ, ಅತ್ತೆಗೆ ತಿಂಡಿ ಕೊಟ್ಟು, ಸ್ಕೂಟಿಯಲ್ಲಿ ಬಂದು ಶಟರ್ ಎತ್ತುವಳು. ಅವಳು ಬಂದಮೇಲೆ ಆ ಅಂಗಡಿಯ ಬಗ್ಗೆ ನನಗೆ ತಲೆಬಿಸಿಯೇ ಇರಲಿಲ್ಲ. ಪೇಟೆಗೆ ಬಂದವರ ಕೈಚೀಲಗಳೆಲ್ಲ ಅವಳ ಕೌಂಟರಿನ ಪಕ್ಕದಲ್ಲಿ ಸಾಲಾಗಿ ಕೂತಿರುತ್ತಿದ್ದವು. ಆಸ್ಪತ್ರೆ, ಬ್ಯಾಂಕು ಮುಗಿಸಿ ಬಸ್ಸಿನ ಹೊತ್ತಿಗೆ ಬಂದು ಒಯ್ಯುವರು. ಹುಬ್ಬಳ್ಳಿಯಿಂದ ಬಂದ ಒಬ್ಬರು ಇದೇನು ಬಸ್ ಸ್ಟ್ಯಾಂಡೇ ಎಂದು ಕೇಳಿದ್ದರು. ನಾನು ಹೌದೆಂದೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕಂಪನಿಯ ಧಣಿಗಳು ನನ್ನನ್ನು ಕರೆಸಿದರು. ಸ್ಟಾರ್ ಕಡಿಮೆ ಇರುವ ಅಂಗಡಿಗಳನ್ನು ದೀಪಾವಳಿಯ ನಂತರ ಮುಚ್ಚುವುದು ಎಂದು ತೀರ್ಮಾನವಾಗಿತ್ತು. ಸಿದ್ದಾಪುರ ನಾಲ್ಕೂವರೆಗೆ ಬಂದರೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಅಲ್ಲಿಯವಳಿಗೆ ಯಲ್ಲಾಪುರದಲ್ಲಿ ಕೆಲಸ ಕೊಡೋಣ, ಹತ್ತಿರವೇ ಇದೆಯಲ್ಲ ಎಂದು ನಕ್ಷೆಯ ಮೇಲೆ ಬೆರಳಿಟ್ಟರು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಅವಳು ಕೋಲಸಿರ್ಸಿಯಿಂದ ಯಲ್ಲಾಪುರಕ್ಕೆ ದಿನಾ ಹೋಗಿಬರುವುದು ಆಗದ ಮಾತು. ಶಿರಸಿಯಲ್ಲಿ ಜಾಗ ಖಾಲಿ ಇರಲಿಲ್ಲ. ಅಂಗಡಿ ಮುಚ್ಚಿದರೆ ಅವಳ ಕೆಲಸ ಹೋಯಿತು ಎಂದೇ ಅರ್ಥ.

ನಮ್ಮ ಜನರ ಸ್ವಭಾವವನ್ನು ಧಣಿಗಳಿಗೆ ತಿಳಿಹೇಳಲು ನೋಡಿದೆ. ನಮ್ಮಲ್ಲಿ ಊಟಕ್ಕೆ ಕರೆದವರು ಪಾಯಸ ಹೇಗಾಗಿದೆ ಎಂದು ಕೇಳಿದರೆ, ಮೂರನೇ ಸಲ ಬಡಿಸಿಕೊಳ್ಳುತ್ತಿರುವವನೂ ಅಡ್ಡಿಲ್ಲ ಎನ್ನುತ್ತಾನೆ. ಹೆಣ್ಣು ನೋಡಿ ಒಪ್ಪಿ ಬಂದವರೂ ಅಡ್ಡಿಲ್ಲ ಎನ್ನುತ್ತಾರೆ. ಎದುರಿಗಿರುವವರನ್ನು ಬಾಯ್ತುಂಬ ಹೊಗಳಿದರೆ ದೃಷ್ಟಿಯಾಗುತ್ತದೆ, ಇಲ್ಲವೇ ಹೊಗಳಿದವನಿಗೇ ಏನೋ ಬೇಕಾಗಿದೆ ಎಂದು ಲೆಕ್ಕ. ಆ ಮೂರು ಸ್ಟಾರ್ ನಮ್ಮ ಕಡೆಯ ಪೂರ್ತಿ ಮೆಚ್ಚುಗೆ ಸರ್ ಎಂದೆ. ಅವರು ಕೆಟ್ಟ ಮನುಷ್ಯರಲ್ಲ, ಸಮಾಧಾನದಿಂದ ಕೇಳಿದರು. ಆಮೇಲೆ ನಕ್ಕು, "ಮೊಬೈಲ್‌ಗೆ ನಿಮ್ಮ ಊರಿನ ಪದ್ಧತಿ ಗೊತ್ತಿಲ್ಲ ನೋಡ್ರಿ ಮೇಡಂ. ಐದು ಒತ್ರಿ ಅಂತ ಹೇಳ್ರಿ, ಮುಗೀತು," ಎಂದರು.

ಮುಗಿಯಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗಲೇ ನನಗೆ ಗೊತ್ತಿತ್ತು. ಆದರೂ ಸಿದ್ದಾಪುರಕ್ಕೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಸಕ್ಕರೆ ಚೀಲದ ಬಾಯಿ ಕಟ್ಟುತ್ತಲೇ ಕೇಳಿಸಿಕೊಂಡಳು. ಗಿರಾಕಿಗಳಿಗೆ ತಾನು ಕೇಳುವುದು ಸರಿಯಲ್ಲ, ಭಿಕ್ಷೆ ಬೇಡಿದಂತಾಗುತ್ತದೆ ಎಂದಳು. ಕೊನೆಗೆ ಇಬ್ಬರಿಗೆ ಹೇಳಿದಳು. ಆ ಇಬ್ಬರು ಸಾಕಾದರು.

ಊರಿಗೆ ಊರೇ ಬಂತು ಎನ್ನಬೇಕು. ಸ್ಟಾರ್ ಎಂದರೇನು ಎಂದು ತಿಳಿಯದವರು ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಕೊಟ್ಟು ಒತ್ತಿಸಿದರು. ಕೆಲವರು ಅಂಗಡಿಯಲ್ಲೇ ನಿಂತು, ಇದು ಬಿತ್ತೋ ಇಲ್ಲವೋ ನೋಡೇ ಎಂದು ಅವಳಿಗೇ ತೋರಿಸಿದರು. ಆ ವಾರ ನನಗೆ ಬಹಳ ಖುಷಿಯಾಗಿತ್ತು. ಸೋಮವಾರ ಬೆಳಿಗ್ಗೆ ಮೊಬೈಲ್ ತೆರೆದೆ. ಸಾಲಾಗಿ ನಾಲ್ಕು, ನಾಲ್ಕು, ನಾಲ್ಕು. ಎಲ್ಲರೂ ತಮ್ಮ ಮನಸ್ಸನ್ನು ಗಟ್ಟಿ ಮಾಡಿಕೊಂಡು ಒಂದು ಸ್ಟಾರ್ ಹೆಚ್ಚಿಗೆ ಕೊಟ್ಟಿದ್ದರು. ಐದು ಮಾತ್ರ ಯಾರೂ ಒತ್ತಿರಲಿಲ್ಲ.

ನಿವೃತ್ತ ಮಾಸ್ತರೊಬ್ಬರು ಪ್ರತಿ ದಿನ ಅಂಗಡಿಗೆ ಬಂದು, ಪೇಪರು ಓದಿ, ಒಂದು ಬಿಸ್ಕತ್ತಿನ ಪೊಟ್ಟಣ ಕೊಂಡು ಹೋಗುವವರು. ಅವಳ ಮೇಲೆ ಮಗಳಷ್ಟೇ ಅಭಿಮಾನ ಅವರಿಗೆ. ನಾನು ನಾಚಿಕೆ ಬಿಟ್ಟು ಅವರ ಹತ್ತಿರವೇ ಕೇಳಿದೆ, ಇನ್ನೊಂದು ಹೆಚ್ಚು ಮಾಡಲಾಗದೇ ಎಂದು. ಅವರ ಮುಖ ಸಣ್ಣದಾಯಿತು.

"ತಂಗಿ, ಆನು ಶಾಲೆಲಿ ಯಾರಿಗೂ ಪೂರಾ ಮಾರ್ಕು ಕೊಟ್ಟವ ಅಲ್ಲ. ಪೂರಾ ಕೊಟ್ರೆ ಅಲ್ಲಿಗೆ ಮುಗತ್ತು ಹೇಳಿ ಆಗ್ತು. ನಡೀತಾ ಇಪ್ಪ ಅಂಗಡಿಗೆ ಹಾಂಗೆ ಕೊಡಲೆ ನಂಗೆ ಮನಸ್ಸು ಬತ್ತಿಲ್ಲೆ."

ಸಿಟ್ಟು ಬಂತು. ನಿಮ್ಮ ಮನಸ್ಸು ಬರದಿದ್ದರೆ ಇವಳ ಕೆಲಸ ಹೋಗುತ್ತದೆ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಅಷ್ಟರಲ್ಲಿ ಅವಳೇ ನಡುವೆ ಬಂದು, ಮಾಸ್ತರಿಗೆ ತೊಂದರೆ ಕೊಡುವುದು ಬೇಡ ಎಂದು ನನ್ನನ್ನು ತಡೆದಳು. ನಾಲ್ಕು ಕೊಟ್ಟದ್ದೇ ದೊಡ್ಡದಂತೆ. ಅವಳೂ ಅದೇ ನೀರು ಕುಡಿದು ಬೆಳೆದವಳು.

ನಾಲ್ಕೂವರೆ ಮುಟ್ಟಲಿಲ್ಲ ಎಂದು ಹುಬ್ಬಳ್ಳಿಯಿಂದ ಫೋನು ಬಂತು. ನಾಲ್ಕು ಅಂದರೆ ಎಲ್ಲೋ ಕೊರತೆ ಇದೆ ಎಂದೇ ನೋಡುವವರು ತಿಳಿಯುತ್ತಾರೆ ಎಂದರು. ದೀಪಾವಳಿ ಕಳೆದು, ಕಂಪನಿಯ ಸಾಮಾನು ಸಾಗಿಸುವ ಯಲ್ಲಾಪುರದ ಸಾಹೇಬರೊಬ್ಬರ ಲಾರಿ ಬಂದು ನಿಂತಿತು. ಹತ್ತು ವರ್ಷ ಅಲ್ಲಿಗೆ ಸಾಮಾನು ತಂದು ಇಳಿಸಿದ ಗಾಡಿ, ಈಗ ರ‍್ಯಾಕುಗಳನ್ನು ತುಂಬಿಕೊಂಡು ಹೋಯಿತು. ಅವಳು ನೆಲ ಗುಡಿಸಿ, ಒರೆಸಿ, ಬೀಗದ ಕೈಯನ್ನು ನನಗೆ ಕೊಟ್ಟಳು. ಒಂದು ಕೈಚೀಲ ಮಾತ್ರ ಉಳಿದಿತ್ತು, ಯಾರೋ ಒಯ್ಯಲು ಮರೆತದ್ದು. ಅದನ್ನು ಸ್ಕೂಟಿಗೆ ಸಿಕ್ಕಿಸಿಕೊಂಡು ಹೋದಳು.

ಆಮೇಲಿನ ಸೋಮವಾರಗಳಲ್ಲಿ ನಾನು ಎರಡೇ ಫೋಟೊ ಕಳಿಸುತ್ತಿದ್ದೆ. ಸಿದ್ದಾಪುರದ ಸ್ಟಾರ್ ನೋಡುವುದನ್ನೇ ಬಿಟ್ಟೆ. ಒಂದು ದಿನ ಯಲ್ಲಾಪುರದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಾಗ ಅವಳದ್ದೊಂದು ಮೆಸೇಜು ಬಂತು. ಮೊಬೈಲಿನ ನಕ್ಷೆಯ ಫೋಟೊ. ಅಂಗಡಿಯ ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ 'ಶಾಶ್ವತವಾಗಿ ಮುಚ್ಚಲಾಗಿದೆ' ಎಂದಿತ್ತು. ಅದರ ಕೆಳಗೆ ಮಾಸ್ತರು ತಮ್ಮ ನಾಲ್ಕನ್ನು ಅಳಿಸಿ ಐದು ಒತ್ತಿದ್ದರು. 'ಇಂಥ ಅಂಗಡಿ ಇನ್ನು ಆಗುವುದಿಲ್ಲ. ಆ ಹುಡುಗಿಯಂತೆ ನಡೆಸುವವರೂ ಸಿಗುವುದಿಲ್ಲ.' ಅವರ ಹಿಂದೆ ಉಳಿದವರು. ಐದು, ಐದು, ಐದು. ಬದುಕಿದ್ದಾಗ ಅಡ್ಡಿಲ್ಲ ಎಂದು ಮುಗಿಸುವ ನಮ್ಮ ಜನ, ಹೋದವರ ಮನೆಯ ಅಂಗಳದಲ್ಲಿ ಕೂತು ಹೀಗೇ ಮಾತಾಡುತ್ತಾರೆ. ಮೂರೂ ಊರಿನಲ್ಲಿ ಈಗ ಎಲ್ಲಕ್ಕಿಂತ ಮೇಲೆ ಇರುವುದು ಸಿದ್ದಾಪುರ.

ಫೋಟೊದ ಕೆಳಗೆ ಅವಳು ಬರೆದಿದ್ದಳು: "ಅಕ್ಕ, ಇದನ್ನ ಧಣಿಗಳಿಗೆ ಒಂದ್ಸಲ ತೋರಿಸ್ತ್ರಾ?"

ಬಸ್ಸು ಒಂದರ ಹಿಂದೊಂದು ತಿರುವು ತೆಗೆದುಕೊಳ್ಳುತ್ತಿತ್ತು. ತೋರಿಸ್ತೇನೆ ಎಂದು ಬರೆದು ಕಳಿಸಿದೆ. ನಮ್ಮ ಅಂಗಡಿಯಿದ್ದ ಮಳಿಗೆಗೆ ಆಗಲೇ ಟೈಲ್ಸ್ ಅಂಗಡಿಯ ಬೋರ್ಡು ಬಂದಿತ್ತು. ಪೇಟೆಗೆ ಬಂದಾಗೆಲ್ಲ ಅದರ ಮುಂದೆಯೇ ಓಡಾಡುವ ಅವಳಿಗೂ ಅದು ಗೊತ್ತಿತ್ತು.