ಕರಿ ಪರದೆ ಮುಚ್ಚಿದರೆ ಸಾಯುವ ಟೈಮರ್‌ಗಳು

ಚಿಕ್ಕೋಡಿಯ ತವರಿನಿಂದ ಕಾಗವಾಡಕ್ಕೆ ನನ್ನೊಂದಿಗೆ ಬಂದದ್ದು ಒಂದು ಕಂಪ್ಯೂಟರ್. ಬಿ.ಸಿ.ಎ. ಓದುವಾಗ ಅಪ್ಪ ಕೊಡಿಸಿದ್ದು. ಅತ್ತೆ ಅದಕ್ಕೊಂದು ಕ್ರೋಶಾ ಹೊದಿಕೆ ಹೆಣೆದು, ಮೇಲೆ ಪಿಂಗಾಣಿ ಬಾತುಕೋಳಿ ಕೂರಿಸಿದ್ದರು.

ಮನೆಗೆ ಹೊಂದಿಕೊಂಡೇ ದ್ರಾಕ್ಷಿ ತೋಟ. ಮೂರು ತುಂಡಿಗೂ ಬೇರೆ ಬೇರೆ ಹೊತ್ತು ಹನಿ ನೀರು. ಹೊಸದಾಗಿ ಕಸಿ ಕಟ್ಟಿದ ತುಂಡಿಗೆ ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ. ಮಾವನವರಿಗೆ ವಾಲ್ವ್ ತಿರುಗಿಸುವ ಹೊತ್ತು ತಪ್ಪುತ್ತಿತ್ತು. ನಾನು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದೆ. ಒಂದರೊಳಗೇ ಮೂರು ಟೈಮರ್. ಹೊತ್ತಾದ ಕೂಡಲೇ ಸ್ಪೀಕರಿನಲ್ಲಿ ಗಂಟೆ. ಗಂಟೆ ಕೇಳಿ ಮಾವನವರು ಎದ್ದು ಹೋಗಬೇಕು, ಅಷ್ಟೇ.

ಅಷ್ಟೇ ಎಂದುಕೊಂಡಿದ್ದೆ. ಶುಕ್ರವಾರ ಗಂಟೆಯೇ ಹೊಡೆಯಲಿಲ್ಲ. ಹೋಗಿ ನೋಡಿದರೆ ಪ್ರೋಗ್ರಾಂ ಓಡುತ್ತಿದ್ದ ಕರಿ ಪರದೆ ಮಾಯ. ಅದರ ಹಿಂದಿದ್ದ ಗುಲಾಬಿ ಹೂವಿನ ಚಿತ್ರ ನಗುತ್ತಿದೆ. ಮೌಸಿನ ಮೇಲೆ ಅತ್ತೆಯ ಅರಿಶಿನದ ಬೆರಳು.

"ಅತ್ಯಾರ, ಇದನ್ನ ಮುಚ್ಚೀರೇನ್ರಿ?"

"ಹೌದವಾ. ಶುಕ್ರವಾರ ದಿನ ಮನ್ಯಾಗ ಕರೀದು ಯಾಕ ಬೇ? ಹೂವು ಎಷ್ಟ ಚಲೋ ಕಾಣತೈತಿ ನೋಡ."

ಓಡುತ್ತಿರುವ ಪ್ರೋಗ್ರಾಮಿಗೆ ಪ್ರೊಸೆಸ್ ಎನ್ನುತ್ತಾರೆ. ಅದು ಇಟ್ಟ ಟೈಮರ್‌ಗಳು ಅದರ ಸ್ವಂತದವು. ಅದು ಸತ್ತರೆ ಅವೂ ಸತ್ತವು. ಅದು ಓಡುವ ಕಿಟಕಿ, ಅಂದರೆ ಆ ಕರಿ ಪರದೆ, ಮುಚ್ಚಿದರೆ ಅದು ಸಾಯುತ್ತದೆ. ಇದನ್ನು ಅತ್ತೆಗೆ ಹೇಗೆ ಹೇಳಲಿ? ಕಾನ್ವೆಂಟಿನಲ್ಲಿ ನಮಗೆ ದನಿ ಏರಿಸಬಾರದೆಂದು ಕಲಿಸಿದ್ದರು. ದಯವಿಟ್ಟು ಮುಚ್ಚಬೇಡಿ ಎಂದು ಚೀಟಿ ಅಂಟಿಸಿದೆ. ಅವರು ಚೀಟಿಯನ್ನು ಒರೆಸಿ ಸ್ವಚ್ಛ ಮಾಡಿ, ಪರದೆಯನ್ನೂ ಮುಚ್ಚಿದರು.

ಕಸಿ ಬಳ್ಳಿಯ ತುದಿ ಬಾಗಿತು. ಮಾವನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ನಿನ್ನ ಯಂತ್ರಕ್ಕಿಂತ ನಮ್ಮ ಹುಂಜ ವಾಸಿ ಐತಿ, ಅದರ ಬಾಯಿ ಯಾರೂ ಮುಚ್ಚಂಗಿಲ್ಲ. ಇನ್ನೊಮ್ಮೆ ನೀರ ತಪ್ಪಿತಂದ್ರ ಈ ಡಬ್ಬಿ ನಿಪ್ಪಾಣಿಗೆ ಕಳಿಸ್ತೇನಿ. ಅಲ್ಲಿ ಹುಡುಗರು ಆಟಾ ಆಡತಾವ."

ನಿಪ್ಪಾಣಿಯಲ್ಲಿರುವುದು ನಾದಿನಿಯ ಮನೆ. ಈ ಮನೆಯಲ್ಲಿ ನನ್ನದು ಅನ್ನಲು ಇದ್ದದ್ದು ಅದೊಂದೇ ಡಬ್ಬಿ. ಕುಕ್ಕರ್ ಇಳಿಸಿ, ಹಾಲಿಟ್ಟು, ಕಂಪ್ಯೂಟರ್ ಮುಂದೆ ಕೂತೆ.

ಕಿಟಕಿಯ ಹಂಗಿಲ್ಲದೆ ಹಿಂದೆ ಅಡಗಿ ಓಡುವಂತೆ ಮಾಡುವುದು ಗೊತ್ತಿತ್ತು: ಪ್ರೊಸೆಸ್ ತನ್ನಿಂದಲೇ ಒಂದು ಮರಿಯನ್ನು ಹುಟ್ಟಿಸಿ ತಾನು ಹೊರಟುಹೋಗಬೇಕು. ಹಾಗೇ ಬರೆದೆ. ಕರಿ ಪರದೆ ಮುಚ್ಚಿದೆ. ಮರಿ ಜೀವಂತ! ಆದರೆ ಗಂಟೆ ಮಾತ್ರ ಇಲ್ಲ. ಸ್ಪೀಕರಿನ ತಂತಿ ಅಲುಗಾಡಿಸಿದೆ, ಕೀಬೋರ್ಡಿನಿಂದ ಇರುವೆ ಊದಿದೆ, ಸಾಲುಸಾಲು ಓದಿದೆ. ತಪ್ಪೇ ಇಲ್ಲ! ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.

"ಹಾಲ ಇಟ್ಟಾಕಿ ನೀನು," ಅತ್ತೆ ಒಳಗಿಂದ ಗೊಣಗಿದರು, "ಎದ್ದು ಹೋಗಾಕಿ ನನಗೊಂದ ಮಾತ ಹೇಳಬಾರದ? ನೀ ಇಟ್ಟದ್ದು ನನಗೇನ ಗೊತ್ತ?"

ಒಲೆ ಒರೆಸುತ್ತಾ ಅಲ್ಲೇ ನಿಂತೆ. ಟೈಮರ್‌ಗಳನ್ನು ಇಟ್ಟದ್ದೂ ಹೊರಟುಹೋದ ತಾಯಿ ಪ್ರೊಸೆಸ್. ಮರಿ ಹುಟ್ಟಿದ್ದು ಆಮೇಲೆ. ತಾಯಿಯಿಂದ ಮರಿಗೆ ಬಹುತೇಕ ಎಲ್ಲ ಬರುತ್ತದೆ, ಟೈಮರ್ ಬರುವುದಿಲ್ಲ. ಎಂಥ ಹಾಳು ನಿಯಮ! ಒದ್ದೆ ಕೈಯಲ್ಲೇ ಹೋಗಿ, ಟೈಮರ್ ಇಡುವ ಸಾಲುಗಳನ್ನು ಮರಿ ಹುಟ್ಟುವ ಸಾಲಿನ ಕೆಳಗೆ ತಂದೆ. ಈಗ ಮರಿಯೇ ತನ್ನ ಟೈಮರ್ ತಾನು ಇಟ್ಟುಕೊಳ್ಳುತ್ತದೆ.

ಮರುದಿನ ಅತ್ತೆ ಎಂದಿನಂತೆ ಬಂದು ಪರದೆ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಗುಲಾಬಿ ಹೂವಿನಿಂದ ಗಂಟೆ ಹೊಡೆಯಿತು.

"ಅಯ್ಯ, ನಾ ಮುಚ್ಚೇನಲ್ಲ ಇದನ್ನ!" ಅತ್ತೆ ಬಾತುಕೋಳಿಯನ್ನು ಎತ್ತಿ ಕೆಳಗೆ ನೋಡಿದರು.

ಮಾವನವರು ಚಹಾ ಅರ್ಧಕ್ಕೇ ಬಿಟ್ಟು ಕಸಿ ತುಂಡಿನತ್ತ ನಡೆದರು. ಬಳ್ಳಿ ಚಿಗುರಿದ ಮೇಲೆ ಒಂದು ದಿನ ಫೋನಿನಲ್ಲಿ ನಾದಿನಿಗೆ ಹೇಳುತ್ತಿದ್ದರು:

"ಆ ಡಬ್ಬಿ ಕೊಡಾಕ ಆಗಂಗಿಲ್ಲವಾ. ತೋಟಕ್ಕ ನೀರ ಅದ ಹಾಯಸಾಕತ್ತೈತಿ."

ನೀರು ಹಾಯಿಸುತ್ತಿದ್ದವರು ಅವರೇ. ನಾನು ತಿದ್ದಲು ಹೋಗಲಿಲ್ಲ.