ಚಿಂದಿ ಕಟ್ಟಿದ ಹೀರೇಕಾಯಿ

ಓರೆಯಾಗಿರುವುದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಯಾರ ಮನೆಗೆ ಹೋದರೂ ಬಾಗಿಲ ಬಳಿ ಬಿಟ್ಟ ಚಪ್ಪಲಿಗಳನ್ನು ಸಾಲಿಗೆ ನಿಲ್ಲಿಸಿದ ಮೇಲೆಯೇ ಒಳಗೆ ಕಾಲಿಡುತ್ತೇನೆ. ಗೋಡೆಯ ಮೇಲಿನ ಪಟ ಸ್ವಲ್ಪ ವಾಲಿದ್ದರೂ ಎದುರಿಗೆ ಕೂತವರ ಮಾತು ನನ್ನ ಕಿವಿಗೆ ಬೀಳುವುದಿಲ್ಲ. ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಎಲೆಯನ್ನು ನೇರ ಮಾಡಿಕೊಂಡದ್ದಲ್ಲದೆ ಪಕ್ಕದವರ ಎಲೆಯನ್ನೂ ಎಳೆದುಬಿಟ್ಟೆ. ಅವರು ಆಗ ತಾನೇ ಸಾರು ಬಡಿಸಿಕೊಂಡಿದ್ದರು. ಅವರ ಪಂಚೆ ಹೊಸದು ಎಂಬುದು ಆಮೇಲೆ ತಿಳಿಯಿತು.

ಇದಕ್ಕೆ ನನ್ನ ಕಸುಬು ಕಾರಣವೆಂದು ಹೇಳಿ ತಪ್ಪಿಸಿಕೊಳ್ಳಬಹುದು. ನಾನು ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಕಸುಬು ಕಲಿಯುವಾಗ ಬೆಳಗಿನ ಗಂಟೆಗೆ ಎದ್ದು, ಹಾಸಿಗೆಯನ್ನು ಇಟ್ಟಿಗೆಯಂತೆ ಮಡಿಸಿ, ಗಂಟೆಗೆ ಸರಿಯಾಗಿ ಹಸಿವಾಗುವುದನ್ನೂ ಅಭ್ಯಾಸ ಮಾಡಿಕೊಂಡೆ. ಆಮೇಲೆ ನಾನು ಸಾಲಿನಲ್ಲಿ ನಿಲ್ಲಿಸಿದ ಹುಡುಗರಲ್ಲಿ ಕೆಲವರು ಈಗ ಮೊಮ್ಮಕ್ಕಳನ್ನು ಎತ್ತಿಕೊಂಡು ಪೇಟೆಯಲ್ಲಿ ಎದುರಾಗುತ್ತಾರೆ. ನನ್ನನ್ನು ಕಂಡೊಡನೆ ಬೆನ್ನು ನೆಟ್ಟಗಾಗುತ್ತದೆ, ಮೊಮ್ಮಗು ಬೆದರಿ ಅಳುತ್ತದೆ. ನಿವೃತ್ತಿಯಾದ ದಿನ ಶಾಲೆಯವರು ಹಾರ ಹಾಕಿ ಕಳಿಸಿದರು, ಸೀಟಿಯನ್ನು ಮಾತ್ರ ವಾಪಸು ಕೇಳುವುದನ್ನು ಮರೆತರು. ಅದು ದಾರದ ಸಮೇತ ಇಂದಿಗೂ ನನ್ನ ಕೊರಳಲ್ಲಿದೆ.

ಮರುದಿನದಿಂದ ಸಾಲಿಗೆ ನಿಲ್ಲಿಸಲು ನನಗೆ ಯಾರೂ ಇರಲಿಲ್ಲ. ಅಡುಗೆಮನೆಯ ಡಬ್ಬಗಳನ್ನು ಎತ್ತರಕ್ಕೆ ತಕ್ಕಂತೆ ನಿಲ್ಲಿಸಿದೆ. ಉಪ್ಪಿನ ಜಾಡಿ ಕೈಗೆ ಸಿಗದೆ ನನ್ನ ಹೆಂಡತಿ ಗೌರಮ್ಮ ಒಂದು ಹೊತ್ತು ಪರದಾಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಇತ್ತಲಲ್ಲಿ ಬೇಕಾದಷ್ಟು ಜಾಗ ಅದೆ. ಅಲ್ಲೋಗಿ ಅದೇನು ಕವಾಯತು ಮಾಡಿಸ್ತೀರೋ ಮಾಡಿಸ್ಕಳಿ" ಎಂದಳು. ನನ್ನ ತೋಟಗಾರಿಕೆ ಶುರುವಾದದ್ದು ಹೀಗೆ, ಅಡುಗೆಮನೆಯಿಂದ ಹಿತ್ತಲಿಗೆ ಗಡೀಪಾರಾಗಿ.

ಗೂಟ ಹೊಡೆದು, ಹಗ್ಗ ಎಳೆದು, ಸಾಲು ಹಿಡಿದು ಪಾತಿ ಮಾಡಿದೆ. ಮುಂದಿನ ಸಾಲಿನಲ್ಲಿ ಕುಳ್ಳಗಿನ ಮೆಣಸಿನ ಗಿಡ, ಅದರ ಹಿಂದೆ ಬದನೆ, ಅದರ ಹಿಂದೆ ಬೆಂಡೆ, ಕೊನೆಗೆ ಗೋಡೆಯ ಪಕ್ಕ ಹೀರೆ ಬಳ್ಳಿಯ ಚಪ್ಪರ. ಗಿಡದಿಂದ ಗಿಡಕ್ಕೆ ಹುಡುಗರು ಕೈ ಚಾಚಿದಷ್ಟು ಅಂತರ. ನಮ್ಮ ಪಕ್ಕದ ಮನೆಯ ಮಾದಪ್ಪ ರೇಷ್ಮೆ ನೇಯುವವನು. ಮಗ್ಗದಿಂದ ಎದ್ದು ಮೈ ಮುರಿಯಲು ಹಿತ್ತಲಿಗೆ ಬಂದವನು ಗೋಡೆಯ ಮೇಲಿಂದ ಇಣುಕಿ ಕೇಳಿದ: "ಸಾ, ಬದ್ನೆ ಗಿಡಗಳು ಈಗ ಅಟೆನ್ಷನ್ನಲ್ಲಿ ಅವ್ಯೋ, ಸ್ಟ್ಯಾಂಡಟೀಸಲ್ಲಿ ಅವ್ಯೋ?"

"ನಿನ್ನ ಮಗ್ಗದಲ್ಲಿ ಎಳೆ ಓರೆಯಾದರೆ ಸುಮ್ಮನಿರುತ್ತೀಯೇನೋ?" ಎಂದೆ.

"ಎಳೆ ಬೆಳೆಯಾಕಿಲ್ವಲ್ಲ ಸಾ" ಎಂದು ಅವನು ಮಗ್ಗಕ್ಕೆ ಹೋದ.

ನಮ್ಮ ಹಳೆಯ ಕಾವ್ಯಗಳಲ್ಲಿ ಉದ್ಯಾನವರ್ಣನೆಗೆ ಕೊರತೆಯಿಲ್ಲ. ಮಾವು, ಮಲ್ಲಿಗೆ, ಸಂಪಿಗೆ, ಕೋಗಿಲೆ, ದುಂಬಿ ಎಲ್ಲವೂ ಇವೆ. ಬದನೆಯ ಸುದ್ದಿಯನ್ನು ಯಾವ ಕವಿಯೂ ಎತ್ತಿದಂತೆ ಕಾಣೆ. ನಾಳೆ ಏನು ಸಾರು ಎಂಬ ಚಿಂತೆ ಆ ರಾಜರಿಗೆ ಇರಲಿಲ್ಲ ಎಂದು ಮೊದಲು ಅಂದುಕೊಂಡಿದ್ದೆ. ಈಗ ಬೇರೆ ಗುಮಾನಿ ಬಂದಿದೆ. ತರಕಾರಿ ಗಿಡ ವರ್ಣನೆಗೆ ನಿಲ್ಲುವುದೇ ಇಲ್ಲ. ನಿನ್ನೆ ಹೂವು ಕಂಡ ಕಡೆ ಇವತ್ತು ಹೀಚು, ಇವತ್ತು ಹೀಚು ಕಂಡ ಕಡೆ ನಾಡಿದ್ದು ಕಾಯಿ. ಕವಿ ಕಂಠ ಸರಿಮಾಡಿಕೊಳ್ಳುವಷ್ಟರಲ್ಲಿ ಬೆಂಡೆ ಬಲಿತಿರುತ್ತದೆ.

ಬೆಂಡೆಯಿಂದಲೇ ನನ್ನ ಮನೆಯಲ್ಲಿ ಜಗಳ ಹುಟ್ಟಿತು. ದಿನವೂ ನೀರು, ಬುಧವಾರ ಕಳೆ, ಶನಿವಾರ ಕೊಯ್ಲು ಎಂದು ನಾನು ಕ್ರಮ ಹಾಕಿದ್ದೆ. ಬೆಂಡೆಕಾಯಿಗೆ ವಾರಗಳ ಹೆಸರು ಗೊತ್ತಿಲ್ಲ. ಅದು ಗುರುವಾರ ಎಳೆಯದಾಗಿದ್ದು ಶನಿವಾರಕ್ಕೆ ಕಡ್ಡಿಯಾಗುತ್ತಿತ್ತು. ಗೌರಮ್ಮ ಅದನ್ನೇ ಹುಳಿಗೆ ಹಾಕಿ ಬಡಿಸುತ್ತಿದ್ದಳು. ನಾನು ಜಗಿದು ಜಗಿದು, ಶಿಸ್ತಿಗೆ ಇಷ್ಟಾದರೂ ಬೆಲೆ ತೆರಬೇಕು ಎಂದುಕೊಂಡು ನುಂಗುತ್ತಿದ್ದೆ. ಮಂಗಳವಾರ ಒಗ್ಗರಣೆಗೆ ಮೆಣಸಿನಕಾಯಿ ಕೇಳಿದರೆ ಶನಿವಾರ ಬರಲಿ ಎನ್ನುತ್ತಿದ್ದೆ. ಸಂಜೆ ನಾನು ವಾಕಿಂಗ್ ಹೋದಾಗ ಅವಳು ಕಿತ್ತುಕೊಳ್ಳುತ್ತಿದ್ದಳು. ನನಗೂ ಗೊತ್ತಿತ್ತು. ವಾಕಿಂಗನ್ನು ಸ್ವಲ್ಪ ಉದ್ದ ಮಾಡಿದೆ.

ಆದರೆ ಹೀರೆ ಬಳ್ಳಿಯ ವಿಷಯ ಬೇರೆ. ಅದು ನಮ್ಮವ್ವನ ಬಳ್ಳಿ. ಅವ್ವನ ತವರು ಹನೂರಿನ ಕಡೆಯ ಶಾಗ್ಯ. ಮದುವೆಯಾಗಿ ಬರುವಾಗ ಈ ಹೀರೆಯ ಬೀಜವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದಳಂತೆ. ಕಾಯಿ ಗಿಡ್ಡ, ಏಣು ಮೆತ್ತಗೆ, ಬೇಳೆಯೊಂದಿಗೆ ಬೇಯಿಸಿದರೆ ಬೀದಿಗೆಲ್ಲ ಪರಿಮಳ. ಪೇಟೆಯಲ್ಲಿ ಸಿಗುವ ಉದ್ದನೆಯ ಹೀರೆಗೆ ಆ ರುಚಿಯಿಲ್ಲ. ಅವ್ವ ಹೋದ ಮೇಲೆ ಬೀಜ ಯಳಂದೂರಿನಲ್ಲಿರುವ ನನ್ನ ಅಕ್ಕ ನಂಜಮ್ಮನ ಮನೆಯಲ್ಲಿ ಉಳಿದಿತ್ತು, ಅವಳಿಂದ ನಮಗೆ ಬಂತು. ಆಮೇಲೆ ಅವಳು ಕಟ್ಟಿಟ್ಟಿದ್ದ ಬೀಜವನ್ನೆಲ್ಲ ಇಲಿ ತಿಂದಿತು. ನಮ್ಮ ಚಪ್ಪರದ ಮೇಲಿದ್ದ ಒಂದು ಬಳ್ಳಿ ಬಿಟ್ಟರೆ ಅವ್ವನ ಹೀರೆ ಇನ್ನೆಲ್ಲೂ ಇರಲಿಲ್ಲ. ಸಂತೆಗೆ ಬಂದವರೊಬ್ಬರ ಕೈಲಿ ಅಕ್ಕ ಹೇಳಿಕಳಿಸಿದಳು: "ಒಂದ್ ಕಾಯ ಬೀಜಕ್ಕೆ ಬುಡಿ. ದೀಪಾವಳಿ ಕಳದ್ಮೇಲೆ ನಾನೇ ಬತ್ತೀನಿ."

"ಬುಟ್ಟಿವ್ನಿ" ಎಂದಳು ಗೌರಮ್ಮ. ಯಾವುದನ್ನು ಎಂದು ನಾನು ಕೇಳಲಿಲ್ಲ. ಹೊತ್ತು ಬಂದಾಗ ನೆಟ್ಟಗಿರುವ ಒಂದು ಕಾಯಿಯನ್ನು ನಾನೇ ಆರಿಸಿದರಾಯಿತು ಎಂದುಕೊಂಡಿದ್ದೆ.

ನಮ್ಮ ಕಡೆಯ ಹೆಂಗಸರು ಬೀಜಕ್ಕೆ ಬಿಟ್ಟ ಕಾಯಿಯ ತೊಟ್ಟಿಗೆ ಹಳೆಯ ಸೀರೆಯ ಒಂದು ಚಿಂದಿ ಕಟ್ಟುತ್ತಾರೆ. ಚಿಂದಿ ಕಂಡರೆ ಮನೆಯವರಿರಲಿ, ನೆಂಟರಿರಲಿ, ಯಾರೂ ಆ ಕಾಯಿಗೆ ಕೈ ಹಾಕುವುದಿಲ್ಲ. ಇದು ಹಿತ್ತಲಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ಮಾತು. ನಾನು ಬೆಳೆದದ್ದು ಹಾಸ್ಟೆಲಿನಲ್ಲಿ. ಒಂದು ಬೆಳಿಗ್ಗೆ ಚಪ್ಪರದಲ್ಲಿ ಮಾಸಲು ಕೆಂಪಿನ ಬಟ್ಟೆಯ ತುಂಡು ಕಂಡಿತು. ಒಣಗಹಾಕಿದ ಸೀರೆ ಹರಿದು ಸಿಕ್ಕಿಕೊಂಡಿರಬೇಕೆಂದು ಬಿಚ್ಚಿ ಎಸೆದೆ. ತೋಟವೆಂದರೆ ತೋಟದಂತಿರಬೇಕು, ಅಗಸರ ಕಟ್ಟೆಯಂತಲ್ಲ.

ದೀಪಾವಳಿ ಹತ್ತಿರವಾಯಿತು. ಅಕ್ಕ ಬರುವಳೆಂದರೆ ಇನ್‌ಸ್ಪೆಕ್ಷನ್ ಇದ್ದಂತೆ. ಆ ಶನಿವಾರ ನಾನು ವಿಶೇಷ ಉತ್ಸಾಹದಿಂದ ಹಿತ್ತಲಿಗಿಳಿದೆ. ಚಪ್ಪರದ ಎಲೆಗಳ ನಡುವೆ ಒಂದು ಕಾಯಿ ದಪ್ಪಗೆ, ಹಳದಿಗೆ ತಿರುಗಿ ನೇತಾಡುತ್ತಿತ್ತು. ಮೀಸೆ ಬಂದ ಮೇಲೂ ಕೆಳಗಿನ ತರಗತಿಯಲ್ಲೇ ಕೂತ ಹುಡುಗನ ಹಾಗೆ ಕಂಡಿತು ನನ್ನ ಕಣ್ಣಿಗೆ. ಕತ್ತರಿಸಿದೆ. ಬಳ್ಳಿಯಲ್ಲಿ ಬೇರೆ ಕಾಯಿ ಇರಲಿಲ್ಲ, ತುದಿಯೂ ಒಣಗುತ್ತಿತ್ತು. ಬೀಜಕ್ಕೆ ಬಿಟ್ಟದ್ದನ್ನು ಗೌರಮ್ಮ ಆಗಲೇ ಕೊಯ್ದು ಒಳಗಿಟ್ಟಿರಬೇಕು ಎಂದುಕೊಂಡೆ. ಕೆಲಸ ಮುಗಿಸಿದವರು ಸಾಲಿನಲ್ಲಿ ಯಾಕೆ ನಿಲ್ಲಬೇಕೆಂದು ಬಳ್ಳಿಯನ್ನೂ ಬುಡಸಮೇತ ಕಿತ್ತು ತಿಪ್ಪೆಗೆ ಹಾಕಿದೆ. ಬಲಿತ ಕಾಯಿ ಪಲ್ಯಕ್ಕಾಗದು, ಒಣಗಿದರೆ ಬೆನ್ನುಜ್ಜಲು ನಾರಾದರೂ ಆದೀತು ಎಂದು ಬಚ್ಚಲುಮನೆಯಲ್ಲಿ ಹಂಡೆಯ ಒಲೆಯ ಮೇಲಿನ ತೊಲೆಗೆ ಕಟ್ಟಿದೆ. ಏನನ್ನೂ ವ್ಯರ್ಥ ಮಾಡದ ನನ್ನ ಗುಣವನ್ನು ನಾನೇ ಮೆಚ್ಚಿಕೊಂಡು ಸ್ನಾನ ಮಾಡಿದೆ.

ಮಧ್ಯಾಹ್ನ ಗೌರಮ್ಮ ಹಿತ್ತಲಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಬಳ್ಳಿ ಎಲ್ಲಿ?"

"ಮುಗಿದಿತ್ತು. ಕಿತ್ತೆ."

"ಬೀಜದ್ ಕಾಯಿ?"

ಆಗ ನನಗೆ ಅರ್ಥವಾಗತೊಡಗಿತು. "ಬೀಜದ ಕಾಯಿಯೆಂದು ಯಾರು ಕಂಡರು?"

"ಚಿಂದಿ ಕಟ್ಟಿರ್ನಿಲ್ವಾ?"

"ಬಿಚ್ಚಿದೆ" ಎಂದೆ.

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. "ಅತ್ಗೆಗೆ ನೀವೇ ಯೋಳಿ" ಎಂದಷ್ಟೇ ಹೇಳಿ ರಾಗಿ ಬೀಸಲು ಕೂತಳು. ಬೀಸುಕಲ್ಲು ಆ ದಿನ ಸ್ವಲ್ಪ ಜೋರಾಗಿಯೇ ತಿರುಗಿತು.

ಒಂದೇ ಆಸೆ ಉಳಿದಿತ್ತು. ತೊಲೆಗೆ ನೇತುಹಾಕಿದ ಕಾಯಿಯೊಳಗೆ ಬೀಜ ಬಲಿತಿದ್ದರೆ ಅವ್ವನ ಹೀರೆ ಬದುಕಿತು, ಎಳೆಯದಾಗಿದ್ದರೆ ಅಲ್ಲಿಗೆ ಮುಗಿಯಿತು. ಒಣಗುವ ತನಕ ಬಿಚ್ಚಿ ನೋಡುವಂತಿಲ್ಲ. ಒಳಗೆ ಬೀಜ ಬಲಿತಿದ್ದರೆ ಒಣಗಿದ ಮೇಲೆ ಗಲಗಲ ಸದ್ದಾಗುತ್ತದೆ ಎಂದು ಮಾದಪ್ಪ ಗೋಡೆಯ ಆಚೆಯಿಂದ ತಿಳಿಸಿದ. ಅವನಿಗೆ ಸುದ್ದಿ ಹೇಗೆ ಮುಟ್ಟಿತೋ, ನಾನು ಕೇಳಲಿಲ್ಲ. ಅಂದಿನಿಂದ ದಿನವೂ ಸ್ನಾನಕ್ಕೆ ಮೊದಲು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದೆ. ಅದು ಮೌನವಾಗಿತ್ತು. ನೀರು ಕಾದು ಕಾದು ಕುದಿಯುತ್ತಿತ್ತು. ಗಂಟೆಗೆ ಸರಿಯಾಗಿ ಸ್ನಾನ ಮುಗಿಸುತ್ತಿದ್ದವನು ಊಟಕ್ಕೂ ತಡವಾಗಿ ಬರತೊಡಗಿದೆ. "ಅಲ್ಲಾಡ್ಸಿದ್ರೆ ಬೀಜ ಬಲ್ತದಾ?" ಎಂದು ಗೌರಮ್ಮ ಹೊರಗಿನಿಂದ ಕೇಳಿದಳು. ಆ ಮಧ್ಯಾಹ್ನದ ನಂತರ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಅಕ್ಕ ಬಸ್ಸಿಳಿದು ಬಂದಳು. ಮೈಸೂರು ಸಂಸ್ಥಾನದ ಯಳಂದೂರಿನಿಂದ, ಆಗ ಮದರಾಸು ಸರ್ಕಾರದ ಸೀಮೆಗೆ ಸೇರಿದ್ದ ನಮ್ಮ ಕೊಳ್ಳೇಗಾಲಕ್ಕೆ ಬರಲು ಅವಳಿಗೆ ಹಿಡಿದದ್ದು ಒಂದು ಎಲೆ ಅಡಿಕೆ ಮುಗಿಯುವಷ್ಟು ಹೊತ್ತು. ಕಾಲು ತೊಳೆದವಳೇ ನೇರ ಹಿತ್ತಲಿಗೆ ಹೋಗಿ ಬರಿದಾದ ಚಪ್ಪರದ ಕೆಳಗೆ ನಿಂತಳು. ನಾನು ಹಿಂದೆ ಹೋಗಿ, ಕೈಗಳನ್ನು ತೊಡೆಗೆ ಒತ್ತಿ ನಿಂತು, ನಡೆದದ್ದನ್ನೆಲ್ಲ ವರದಿ ಒಪ್ಪಿಸಿದೆ.

ಅಕ್ಕ ಚಪ್ಪರದ ಕಡ್ಡಿಗೆ ಸುತ್ತಿಕೊಂಡೇ ಉಳಿದಿದ್ದ ಒಂದು ಒಣ ಕುಡಿಯನ್ನು ಬಿಡಿಸಿಕೊಂಡಳು. "ಆ ಬಳ್ಳಿಗೆ ಮಾಡ್ದಷ್ಟು ಆರೈಕೆ ಅವ್ವ ಮಕ್ಕಳಿಗೂ ಮಾಡಿರ್ನಿಲ್ಲ" ಎಂದಳು. ಬೈದಿದ್ದರೆ ನಾನು ನಿಂತೇ ಇರುತ್ತಿದ್ದೆ. ಇದನ್ನು ಕೇಳಿ ಚಪ್ಪರದ ಕಂಬ ಹಿಡಿದು ಕೂತುಬಿಟ್ಟೆ.

"ಎದ್ದೇಳ್ಲಾ. ಕಾಯಿ ಎಲ್ಲದೆ ತೋರ್ಸು."

ಬಚ್ಚಲುಮನೆಯ ಹೊಗೆಯಲ್ಲಿ ಕಾಯಿ ಕಂದಾಗಿತ್ತು. ಅಕ್ಕ ಅದನ್ನು ಬಿಚ್ಚಿ ಅಂಗಳಕ್ಕೆ ತಂದಳು. ಕಿವಿಗೆ ಹಿಡಿಯಲೇ ಇಲ್ಲ. ತುದಿಯನ್ನು ಕಲ್ಲಿಗೆ ಮೆಲ್ಲಗೆ ತಟ್ಟಿದಳು. ಪುಟ್ಟ ಮುಚ್ಚಳದಂತಹ ತುದಿ ಕಳಚಿತು. ಮೊರದ ಮೇಲೆ ಬಗ್ಗಿಸಿ ಒದರಿದಾಗ ಬೀಜಗಳು ಉದುರಿದವು. ಹೆಚ್ಚಿನವು ಬೆಳ್ಳಗೆ, ಜೊಳ್ಳಾಗಿ ಕಂಡವು. ಗೌರಮ್ಮ ಚೆಂಬಿನಲ್ಲಿ ನೀರು ತಂದಳು. ಅಕ್ಕ ಬೀಜಗಳನ್ನೆಲ್ಲ ಅದಕ್ಕೆ ಸುರಿದಳು. ಬಲಿತದ್ದಾದರೆ ಮುಳುಗಬೇಕು. ಬಿಳಿಯವು ತೇಲಿದವು. ಕರಿಯವೂ ತೇಲಿದವು. ಆಮೇಲೆ ಒಂದು ಕರಿಯ ಬೀಜ ಮನಸ್ಸು ಬದಲಾಯಿಸಿದಂತೆ ತಿರುಗಿ ತಳಕ್ಕೆ ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಹಿಡಿಯಾಗುವಷ್ಟಿಲ್ಲ, ಚಿಟಿಕೆಯಷ್ಟು.

"ಸಾಕು" ಎಂದಳು ಅಕ್ಕ. "ಅವ್ವ ತಂದಿದ್ದೂ ಇಷ್ಟೇ ಇದ್ದಾತು." ಆರಿಸಿದ ಬೀಜವನ್ನು ನೆರಳಲ್ಲಿ ಆರಲು ಹರಡಿ, ಎರಡು ಪಾಲು ಮಾಡಿ, ಒಂದನ್ನು ಗೌರಮ್ಮನ ಕಡೆಗೆ ಸರಿಸಿದಳು. "ಇವ್ನ ಕೈಗೆ ಮಾತ್ರ ಕೊಡ್ಬ್ಯಾಡ ಕಣವ್ವ."

ಬೀಜ ಕಟ್ಟಲೆಂದು ಗೌರಮ್ಮ ಹಳೆಯ ಕೆಂಪು ಸೀರೆಯನ್ನು ಹರಿದಳು. ಒಂದು ಚಿಂದಿ ಮಿಕ್ಕಿತು. ಅಕ್ಕ ಅದನ್ನು ಎತ್ತಿಕೊಂಡು ನನ್ನ ಕೊರಳಿನ ಸೀಟಿಯ ದಾರಕ್ಕೆ ಗಂಟು ಹಾಕಿದಳು.

"ಇವ್ನೂ ಬಲ್ತೋಗವ್ನೆ, ಪಲ್ಯಕ್ಕಾಗಾಕಿಲ್ಲ. ಗೊತ್ತಿಲ್ದೋರು ಯಾರಾರ ಕಿತ್ತಾಕ್ಬುಟ್ಟಾರು, ಗುರ್ತಿರ್ಲಿ" ಎಂದಳು. ಗೌರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಗೋಡೆಯ ಆಚೆ ಮಗ್ಗದ ಸದ್ದು ನಿಂತದ್ದೂ ನನಗೆ ಕೇಳಿಸಿತು.

ಆ ಚಿಂದಿ ಈಗಲೂ ಅಲ್ಲೇ ಇದೆ. ಅಕ್ಕ ಅದನ್ನು ಓರೆಯಾಗಿ ಕಟ್ಟಿದ್ದಾಳೆ. ನೇರ ಮಾಡೋಣವೆಂದು ಕೈ ಅಲ್ಲಿಯವರೆಗೆ ಹೋಗುತ್ತದೆ. ಹೋಗಿ, ಸುಮ್ಮನೆ ವಾಪಸು ಬರುತ್ತದೆ.