ಸ್ಪೀಡ್ ಬ್ರೇಕರ್ ಕೆಲಸ ಸಿಕ್ಕಿತು

ಮಾರಾಯ್ರೆ, ಇವತ್ತು ಇಲ್ಲಿ ದುಬೈಯಲ್ಲಿ ವಾರದ ರಜೆ ನೋಡಿ, ಬೆಳಿಗ್ಗೆಯೇ ಹೆಂಡತಿ ನಮ್ಮಿಬ್ಬರ ಫೋನನ್ನೂ ಕುಕ್ಕರಿನೊಳಗೆ ಹಾಕಿ ಮುಚ್ಚಳ ಬಿಗಿದಳು. "ಒಂದು ಗಂಟೆ ಮಗನ ಜೊತೆ ಕೂತ್ಕೊಳ್ಳಿ. ಅವನಿಗೆ ನಿಮ್ಮ ನೆತ್ತಿ ಮಾತ್ರ ಗೊತ್ತು, ಮುಖ ಗೊತ್ತಿಲ್ಲ" ಅಂದಳು.

ನಾಲ್ಕು ವರ್ಷದ ಮಗ ಆದಿ ಕಾರ್ಪೆಟ್ ಮೇಲೆ ಆಟದ ಕಾರುಗಳನ್ನು ಓಡಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು, "ಇದು ಯಾವ ಬಣ್ಣ ಮಗಾ? ಇದಕ್ಕೆ ಎಷ್ಟು ಚಕ್ರ?" ಅಂತ ಶುರು ಮಾಡಿದೆ. ಐದು ನಿಮಿಷ ಸಹಿಸಿಕೊಂಡ. ಆಮೇಲೆ ನನ್ನ ಮೊಣಕಾಲು ತಟ್ಟಿ, "ಪಪ್ಪಾ, ಪ್ಲೀಸ್ ಗೋ ಸೀ ಯುವರ್ ಫೋನ್" ಅಂದ.

ಅಡುಗೆಮನೆಯಿಂದ ನಗು ಕೇಳಿಸಿತು. ನನಗೆ ಮಾತ್ರ ನಿಜಕ್ಕೂ ಚುಚ್ಚಿತು. "ಫೋನ್ ಖಲಾಸ್ ಮಗಾ. ನನ್ನನ್ನೂ ಆಟಕ್ಕೆ ಸೇರಿಸ್ಕೋ" ಅಂದೆ.

ಅವನು ಸ್ವಲ್ಪ ಯೋಚಿಸಿದ. "ಓಕೆ. ಯು ಆರ್ ಸ್ಪೀಡ್ ಬ್ರೇಕರ್. ಸ್ಪೀಡ್ ಬ್ರೇಕರ್ ಮಾತಾಡಲ್ಲ."

ಬೋರಲು ಮಲಗಿದೆ. ಮುಕ್ಕಾಲು ಗಂಟೆ ನನ್ನ ಬೆನ್ನ ಮೇಲೆ ಲಾರಿ, ಬಸ್ಸು, ಯಾಕೋ ಒಂದು ಹೆಲಿಕಾಪ್ಟರ್ ಕೂಡ ಹತ್ತಿಳಿಯಿತು. ಕೊನೆಗೆ ಅವನೂ ಪಕ್ಕದಲ್ಲೇ ಮಲಗಿ, "ಪಪ್ಪಾ, ನಾಳೆನೂ ಆಗ್ತೀಯಾ?" ಅಂತ ಕೇಳಿದ.

ದುಬೈಗೆ ಬಂದು ಏಳು ವರ್ಷ ಆಯ್ತು. ಬಾಯಿ ಮುಚ್ಚಿ ಮಲಗಿದ್ದಕ್ಕೆ ನನ್ನ ಕೆಲಸ ಮುಂದುವರಿದದ್ದು ಇದೇ ಮೊದಲು.